ಮೂರು ಗಂಟೆಯ ರಕ್ತ

ಮಾನ್ಯ ಆರೋಗ್ಯ ನಿರ್ದೇಶಕರೇ,

ನಾನು ಕಳಿಸಿದ್ದ ಪತ್ರದಲ್ಲಿ ‘ವೃಷಣ’ ಎಂಬ ಪದವನ್ನು ತಮ್ಮ ಕಚೇರಿಯವರು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, ಮೇಲೆ ‘ಸಂಬಂಧಪಟ್ಟ ಅಂಗ’ ಎಂದು ತಿದ್ದಿ, ಪತ್ರವನ್ನು ನನಗೇ ವಾಪಸು ಕಳಿಸಿದ್ದಾರೆ. ‘ವೀರ್ಯಾಣು’ವಿಗೆ ಬದಲಿ ಪದ ಹೊಳೆಯಲಿಲ್ಲವೆಂದು ಕಾಣುತ್ತದೆ, ಅದರ ಸುತ್ತ ಬರೀ ಒಂದು ಸೊನ್ನೆ ಸುತ್ತಿದ್ದಾರೆ. ಜೊತೆಗಿದ್ದ ಉತ್ತರ ಎರಡೇ ಸಾಲಿನದು: ‘ವಿಷಯವು ಸೂಕ್ಷ್ಮವಾಗಿರುವುದರಿಂದ ಪರಿಶೀಲನೆಯಲ್ಲಿ ಇರಿಸಲಾಗಿದೆ. ಇನ್ನು ಮುಂದೆ ಸಭ್ಯ ಭಾಷೆಯನ್ನು ಬಳಸತಕ್ಕದ್ದು.’ ಇದು ನನ್ನ ಎರಡನೆಯ ಪತ್ರಕ್ಕೆ ಬಂದದ್ದು. ಮೊದಲನೆಯದಕ್ಕೆ ಉತ್ತರವೇ ಇರಲಿಲ್ಲ. ಹಾಗಾಗಿ ಮೂರನೆಯದನ್ನು ಪತ್ರಿಕೆಗೆ ಕೊಟ್ಟಿದ್ದೇನೆ. ಇದರಲ್ಲೂ ಆ ಪದಗಳು ಬರುತ್ತವೆ. ಕೆಂಪು ಶಾಯಿ ಸಿದ್ಧವಾಗಿರಲಿ.

ನನ್ನ ದೂರು ಸಣ್ಣದು. ನಮ್ಮ ಆಸ್ಪತ್ರೆಯಲ್ಲಿ ಒಂಬತ್ತು ವರ್ಷಗಳಿಂದ ಗಂಡಸರ ಟೆಸ್ಟೋಸ್ಟೆರಾನ್ ಪರೀಕ್ಷೆಗೆ ಮಧ್ಯಾಹ್ನ ಮೂರರಿಂದ ಐದರವರೆಗೆ ರಕ್ತ ತೆಗೆಯುವ ನಿಯಮವಿದೆ. ಆ ಹೊತ್ತಿನ ರಕ್ತ ಆ ವಿಷಯದಲ್ಲಿ ಸುಳ್ಳು ಹೇಳುತ್ತದೆ. ಆ ಸುಳ್ಳನ್ನು ನಂಬಿ, ಏನೂ ಕೊರತೆಯಿಲ್ಲದ ಗಂಡಸರಿಗೆ ಹಾರ್ಮೋನು ಚುಚ್ಚಲಾಗಿದೆ. ಚುಚ್ಚಿಸಿಕೊಂಡವರಲ್ಲಿ ಕೆಲವರಿಗಾದರೂ ಈಗ ಮಕ್ಕಳಾಗುತ್ತಿಲ್ಲ. ಇದನ್ನು ನಿಲ್ಲಿಸಬೇಕಾದವರು ತಾವು. ಆದರೆ ಇದನ್ನು ಶುರು ಮಾಡಿದವನು ನಾನು. ಈ ಪತ್ರದಲ್ಲಿ ತಮ್ಮನ್ನು ಬೈಯುವ ಹಕ್ಕು ನನಗೆ ಅರ್ಧವಷ್ಟೇ ಇದೆ ಎಂದು ಮೊದಲೇ ಒಪ್ಪಿಕೊಳ್ಳುತ್ತೇನೆ.

ನಾನು ಲ್ಯಾಬ್ ಟೆಕ್ನೀಷಿಯನ್. ಮೂವತ್ತೊಂದು ವರ್ಷಗಳಿಂದ ಜನರ ತೋಳಿಗೆ ರಬ್ಬರ್ ಪಟ್ಟಿ ಬಿಗಿದು, ‘ಮುಷ್ಟಿ ಕಟ್ಟಿ, ಈ ಕಡೆ ನೋಡಬೇಡಿ’ ಎಂದು ಹೇಳುತ್ತ ಬಂದವನು. ಒಂಬತ್ತು ವರ್ಷದ ಹಿಂದೆ ಒಂದು ಬೆಳಿಗ್ಗೆ, ಸಾಲಿನಲ್ಲಿ ನಲವತ್ತು ಜನ ನಿಂತಿರುವಾಗ, ನಮ್ಮ ಕೌಂಟರಿನ ಗುಮಾಸ್ತ ತನ್ನ ಎಂದಿನ ಗಂಟಲಿನಲ್ಲಿ, “ಯಾರ್ರೀ ಅದು, ಗಂಡಸ್ತನದ ಟೆಸ್ಟು ಬರೆಸ್ಕೊಂಡಿರೋರು? ಮುಂದೆ ಬನ್ನಿ!” ಎಂದು ಕೂಗಿದ. ಯಾರೂ ಮುಂದೆ ಬರಲಿಲ್ಲ. ಹಿಂದಿನಿಂದ ಒಬ್ಬ ಯುವಕ ಮಾತ್ರ ಚೀಟಿಯನ್ನು ಮುದುರಿ ಜೇಬಿಗೆ ತುರುಕಿಕೊಂಡು, ಯಾರದೋ ಫೋನು ಬಂದವನಂತೆ ಕಿವಿಗೆ ಕೈ ಇಟ್ಟುಕೊಂಡು ಗೇಟು ದಾಟಿದ. ಅವನ ಕೈಯಲ್ಲಿ ಫೋನೇ ಇರಲಿಲ್ಲ. ಸಾಲಿನಲ್ಲಿದ್ದವರು ನಕ್ಕರು. ನಾನೂ ನಕ್ಕೆ. ಆಮೇಲೆ ಕೆಟ್ಟದೆನಿಸಿತು.

ಕೆಟ್ಟದೆನಿಸಿದ್ದಕ್ಕೆ ಒಂದು ಟಿಪ್ಪಣಿ ಬರೆದೆ. ಇಂಥ ಪರೀಕ್ಷೆಗಳಿಗೆ ಜನಸಂದಣಿ ಇಲ್ಲದ ಮಧ್ಯಾಹ್ನದ ಹೊತ್ತನ್ನು ಮೀಸಲಿಡುವುದು, ಹಳೆಯ ಎಕ್ಸ್‌ರೇ ಕೋಣೆಯ ಹಿಂಬಾಗಿಲಿನಿಂದ ಒಳಗೆ ಬಿಡುವುದು, ಬೋರ್ಡು ಹಾಕದಿರುವುದು, ಹೆಸರು ಬರೆಯದೆ ಟೋಕನ್ ಸಂಖ್ಯೆ ಮಾತ್ರ ಬರೆದುಕೊಳ್ಳುವುದು, ಹಿಂಬಾಗಿಲಿನವರೆಂದು ಯಾರಿಗೂ ತಿಳಿಯದಂತೆ ರಿಪೋರ್ಟಿನಲ್ಲಿ ರಕ್ತ ತೆಗೆದ ಸಮಯವನ್ನು ಖಾಲಿ ಬಿಡುವುದು. ತಾವು ಎಷ್ಟು ಮೆಚ್ಚಿಕೊಂಡಿರಿ! ‘ರೋಗಿಗಳ ಮಾನವನ್ನು ಕಾಯುವ ಶ್ಲಾಘನೀಯ ಕ್ರಮ’ ಎಂದು ಪ್ರಶಂಸಾಪತ್ರ ಕೊಟ್ಟಿರಿ. ಇನ್ನೂ ಹದಿನಾಲ್ಕು ಆಸ್ಪತ್ರೆಗಳು ಇದನ್ನು ‘ಚಾಚೂ ತಪ್ಪದೆ’ ಅನುಸರಿಸಬೇಕೆಂದು ಸುತ್ತೋಲೆ ಹೊರಡಿಸಿದಿರಿ. ಚಾಚೂ ತಪ್ಪದೆ ಅನುಸರಿಸಿದರು. ನಮ್ಮ ಇಲಾಖೆಯಲ್ಲಿ ಸುತ್ತೋಲೆಯೊಂದು ಇಷ್ಟು ನಿಷ್ಠೆಯಿಂದ ಜಾರಿಯಾದದ್ದನ್ನು ನಾನು ಇನ್ನೊಂದು ಕಂಡಿಲ್ಲ.

ಆ ಟಿಪ್ಪಣಿಯಲ್ಲಿ ತಪ್ಪೇನಿತ್ತು? ತಮಗೆ ಗೊತ್ತಿರಬೇಕು, ತಾವು ವೈದ್ಯರು. ನನಗೂ ಗೊತ್ತಿತ್ತು. ಡಿಪ್ಲೊಮಾ ಪರೀಕ್ಷೆಯಲ್ಲಿ ಅದೇ ಪ್ರಶ್ನೆಗೆ ಉತ್ತರ ಬರೆದು ನಾಲ್ಕಕ್ಕೆ ನಾಲ್ಕು ಅಂಕ ತೆಗೆದುಕೊಂಡಿದ್ದೆ. ಸಾಲದ್ದಕ್ಕೆ, ಪರೀಕ್ಷೆಯ ಕಿಟ್ಟಿನ ಪ್ರತಿ ಡಬ್ಬಿಯಲ್ಲೂ ಒಂದು ಮಡಚಿದ ಕಾಗದ ಬರುತ್ತದೆ. ‘ಬೆಳಗಿನ ಹೊತ್ತು, ಖಾಲಿ ಹೊಟ್ಟೆಯಲ್ಲಿ’ ಎಂದು ಅದರ ಮೂರನೆಯ ಸಾಲಿನಲ್ಲೇ ಇದೆ. ಒಂಬತ್ತು ವರ್ಷ ಆ ಕಾಗದವನ್ನು ನಾಲ್ಕಾಗಿ ಮಡಚಿ, ಅಲ್ಲಾಡುವ ಮೇಜಿನ ಕಾಲಿನ ಕೆಳಗೆ ಇಡುತ್ತಿದ್ದೆ. ಮೇಜು ಅಲ್ಲಾಡುವುದು ನಿಂತಿತ್ತು.

ತಮ್ಮ ಕಚೇರಿಯವರಿಗೆ ಪದಗಳೇ ಇಷ್ಟು ಕಷ್ಟವಾದರೆ ವಿಷಯ ಇನ್ನೆಷ್ಟು ಕಷ್ಟವಾಗಿರಬೇಕು! ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ತಾಯಿಯ ಹೊಟ್ಟೆಯಲ್ಲಿ ಮೊದಲ ಕೆಲವು ವಾರ ಗಂಡು ಹೆಣ್ಣೆಂಬ ಭೇದ ಹೊರಗೆ ಕಾಣುವುದೇ ಇಲ್ಲ. ಆಮೇಲೆ ವೃಷಣಗಳು ರೂಪುಗೊಂಡ ಮಗುವಿನಲ್ಲಿ ಅವು ಹಾರ್ಮೋನು ತಯಾರಿಸತೊಡಗುತ್ತವೆ, ಮೈ ಗಂಡಿನ ದಾರಿ ಹಿಡಿಯುತ್ತದೆ. ಹುಟ್ಟಿದ ಮೇಲೆ ಕೆಲವು ತಿಂಗಳು ಸ್ವಲ್ಪ ಗದ್ದಲ, ಬಳಿಕ ವರ್ಷಾನುಗಟ್ಟಲೆ ಮೌನ. ಹತ್ತೋ ಹನ್ನೆರಡೋ ವಯಸ್ಸಿಗೆ ಮೆದುಳು ಎಚ್ಚೆತ್ತು, ತನ್ನ ಬುಡದಲ್ಲಿರುವ ಪಿಟ್ಯುಟರಿ ಎಂಬ ಕಡಲೆಕಾಳಿನಷ್ಟು ಗ್ರಂಥಿಗೆ ಹೇಳಿಕಳಿಸುತ್ತದೆ. ಅದು ಹುಡುಗಿಯಲ್ಲಿ ಅಂಡಾಶಯಕ್ಕೆ, ಹುಡುಗನಲ್ಲಿ ವೃಷಣಕ್ಕೆ ಹೇಳುತ್ತದೆ. ಎದೆ ಮೂಡುವುದು, ಮುಟ್ಟಾಗುವುದು, ದನಿ ಒಡೆಯುವುದು, ಮೀಸೆ ಚಿಗುರುವುದು, ಒಬ್ಬರನ್ನು ಕಂಡರೆ ಇನ್ನೊಬ್ಬರಿಗೆ ಮೈ ಬಿಸಿಯಾಗುವುದು, ಎಲ್ಲದರ ಹಿಂದೆಯೂ ರಕ್ತದಲ್ಲಿ ಕಣ್ಣಿಗೆ ಕಾಣದಷ್ಟು ಬೆರೆತ ಈ ವಸ್ತುಗಳಿವೆ. ತಾವೂ, ನಾನೂ, ಕೆಂಪು ಶಾಯಿಯ ಮಹನೀಯರೂ ಹೀಗೇ ಬೆಳೆದವರು. ಬೇರೆ ದಾರಿಯಲ್ಲಿ ಬೆಳೆದವರು ತಮ್ಮ ಕಚೇರಿಯಲ್ಲಿ ಯಾರಾದರೂ ಇದ್ದರೆ ಅವರ ರಕ್ತ ಪರೀಕ್ಷಿಸುವ ಆಸೆ ನನಗಿದೆ.

ಈ ಹಾರ್ಮೋನುಗಳು ದಿನವಿಡೀ ಒಂದೇ ಸಮ ಇರುವುದಿಲ್ಲ. ಟೆಸ್ಟೋಸ್ಟೆರಾನ್ ಬೆಳಗಿನ ಹೊತ್ತು ಏರಿರುತ್ತದೆ, ಮಧ್ಯಾಹ್ನಕ್ಕೆ ಇಳಿಯುತ್ತದೆ, ಊಟವಾದ ಮೇಲೆ ಇನ್ನಷ್ಟು ಇಳಿಯುತ್ತದೆ. ಯೌವನದಲ್ಲಿ ಈ ಏರಿಳಿತ ಹೆಚ್ಚು. ಆರೋಗ್ಯವಂತನ ಲಕ್ಷಣವೇ ಅದು. ನಾವು ಮಾಡಿದ್ದೇನೆಂದರೆ, ಎಲ್ಲರನ್ನೂ ಇಳಿದ ಹೊತ್ತಿನಲ್ಲಿ ಕರೆದು, ಏರಿದ ಹೊತ್ತಿನ ಅಳತೆಗೋಲಿನಲ್ಲಿ ಅಳೆದು, ‘ಕಡಿಮೆ’ ಎಂದು ಬರೆದುಕೊಟ್ಟದ್ದು. ಹೆಂಗಸರ ಕಥೆ ಇದಕ್ಕಿಂತ ಚೆನ್ನಾಗೇನೂ ಇಲ್ಲ. ಅವರ ಹಾರ್ಮೋನು ತಿಂಗಳಿನ ದಿನದ ಮೇಲೆ ನಿಂತಿದೆ. ಚೀಟಿಯಲ್ಲಿ ‘ಮುಟ್ಟಾಗಿ ಎಷ್ಟನೆಯ ದಿನ’ ಎಂಬ ಜಾಗವೂ ಇದೆ. ಬೆಳಗಿನ ಸಾಲಿನಲ್ಲಿ ಅಷ್ಟು ದೊಡ್ಡ ಗಂಟಲಿನ ನಮ್ಮ ಗುಮಾಸ್ತನಿಗೆ ಅದನ್ನು ಕೇಳಲು ಗಂಟಲೇ ಬರುವುದಿಲ್ಲ. ಅಲ್ಲಿ ಒಂದು ಅಡ್ಡಗೆರೆ ಎಳೆಯುತ್ತಾನೆ. ಒಂಬತ್ತು ವರ್ಷದ ಅಡ್ಡಗೆರೆಗಳು ನಮ್ಮ ಕಪಾಟಿನಲ್ಲಿವೆ.

ಈಗ ನನ್ನ ಮನೆಯ ವಿಷಯ.

ನನಗೆ ಒಬ್ಬಳೇ ಮಗಳು. ಅಳಿಯ ಬಡಗಿ, ಕಿಟಕಿ ಬಾಗಿಲು ಮಾಡುವುದರಲ್ಲಿ ಎತ್ತಿದ ಕೈ. ತಮ್ಮ ಪ್ರಶಂಸಾಪತ್ರಕ್ಕೆ ಮರದ ಚೌಕಟ್ಟು ಮಾಡಿಕೊಟ್ಟವನೂ ಅವನೇ, ಮದುವೆಯಾದ ವರ್ಷ. ಎರಡು ವರ್ಷ ಕಳೆದರೂ ಮಕ್ಕಳಾಗಲಿಲ್ಲ. ಆ ಹೊತ್ತಿಗೆ ಅವನು ಯಾವುದೋ ಶಾಲೆಗೆ ಇನ್ನೂರು ಬೆಂಚು ಒಪ್ಪಿಕೊಂಡು, ಎರಡು ತಿಂಗಳು ಸರಿಯಾಗಿ ನಿದ್ದೆಯಿಲ್ಲದೆ ಸೊರಗಿದ್ದ. ಒಂದು ದಿನ ತಲೆ ತಗ್ಗಿಸಿಕೊಂಡು, “ಮಾವ, ಸುಸ್ತು ಜಾಸ್ತಿ ಆಗ್ತಿದೆ. ಎಲ್ಲದಕ್ಕೂ ಸುಸ್ತು,” ಎಂದ. ‘ಎಲ್ಲದಕ್ಕೂ’ ಎಂಬುದರ ಮೇಲೆ ಅವನು ಹಾಕಿದ ಒತ್ತು ನನಗೆ ಅರ್ಥವಾಯಿತು. ಮುಂದೆ ಕೇಳಲು ನಾಚಿಕೆಯಾಗಿ, “ಮಧ್ಯಾಹ್ನ ಮೂರೂವರೆಗೆ ಹಿಂದಿನ ಬಾಗಿಲಿಗೆ ಬಾಪ್ಪ, ಯಾರಿಗೂ ಗೊತ್ತಾಗಲ್ಲ,” ಎಂದೆ. ಬಂದ. ನಮ್ಮ ಮನೆಯಲ್ಲೇ ಹೊಟ್ಟೆತುಂಬ ಊಟ ಮಾಡಿ ಬಂದಿದ್ದ, ನನ್ನ ಹೆಂಡತಿಯೇ ಬಡಿಸಿದ್ದಳು. ನಾನೇ ರಕ್ತ ತೆಗೆದೆ. ಮುನ್ನೂರಕ್ಕಿಂತ ಕೆಳಗೆ ಬಂದರೆ ಕಡಿಮೆ ಎಂದು ನಮ್ಮ ಲೆಕ್ಕ. ಅವನದು ಇನ್ನೂರ ಎಪ್ಪತ್ತೊಂದು ಬಂತು.

ಡಾಕ್ಟರು ರಿಪೋರ್ಟು ನೋಡಿ ಇಂಜೆಕ್ಷನ್ ಬರೆದರು, ಮೂರು ವಾರಕ್ಕೊಂದು. ಇನ್ನೊಮ್ಮೆ ಪರೀಕ್ಷೆ ಮಾಡಿಸಬಹುದಿತ್ತು, ಮಕ್ಕಳು ಬೇಕೇ ಎಂದು ಕೇಳಬಹುದಿತ್ತು. ಆದರೆ ರಕ್ತ ತೆಗೆದ ಸಮಯವೇ ಇಲ್ಲದ ರಿಪೋರ್ಟು ಕೊಟ್ಟವನು ನಾನು, ಅವರನ್ನು ದೂರಲು ನನಗೆ ಬಾಯಿಲ್ಲ. ಆಸ್ಪತ್ರೆಯಲ್ಲಿ ನಾಲ್ಕು ಜನರ ಮುಂದೆ ಯಾಕೆ ಎಂದು, ಭಾನುವಾರ ಬೆಳಿಗ್ಗೆ ನಮ್ಮ ಮನೆಯ ಒಳಕೋಣೆಯಲ್ಲೇ ಚುಚ್ಚುತ್ತಿದ್ದೆ. ಅವನು ಗೋಡೆಯ ಕಡೆ ತಿರುಗಿ, “ಮಾವ, ಇವತ್ತು ಎಡಗಡೆನಾ ಬಲಗಡೆನಾ?” ಎಂದು ಕೇಳುತ್ತಿದ್ದ. ತಿಂಗಳೆರಡು ತಿಂಗಳಲ್ಲಿ ಮೈ ತುಂಬಿಕೊಂಡ. ಉತ್ಸಾಹ ಬಂತು. “ಅಳಿಯಂದ್ರು ಈಗ ನೋಡಿ, ಒಳ್ಳೆ ಬಾಗಿಲ ಹಾಗೆ ಆಗಿದಾರೆ!” ಎಂದು ನನ್ನ ಹೆಂಡತಿ ನೆಟಿಕೆ ಮುರಿದಳು. ಎಲ್ಲ ಸರಿಹೋಯಿತು, ಇನ್ನು ತಡವಾಗುತ್ತಿರುವುದು ನನ್ನಿಂದಲೇ ಎಂದು ನನ್ನ ಮಗಳು ಒಳಗೊಳಗೇ ಕುಗ್ಗಿದಳು. ಅಡ್ಡಗೆರೆ ಎಳೆದ ಚೀಟಿಯಲ್ಲಿ ಅವಳದೂ ಒಂದು ಪರೀಕ್ಷೆ ಆಗಿತ್ತು.

ಎಂಟು ತಿಂಗಳ ಹೊತ್ತಿಗೆ ನಮ್ಮ ಲ್ಯಾಬಿಗೆ ಹೊಸ ಡಾಕ್ಟರಮ್ಮ ಬಂದರು. ಬಂದ ಮೂರನೆಯ ದಿನ, “ಇದನ್ನ ಯಾಕೆ ಮಧ್ಯಾಹ್ನ ತಗೋತೀರಾ?” ಎಂದು ಕೇಳಿದರು. ಜನರಿಗೆ ಸಂಕೋಚವಾಗುತ್ತದೆ ಎಂದೆ. “ಸಂಕೋಚ ಇರ್ಲಿ. ರಕ್ತಕ್ಕೆ ಸಂಕೋಚ ಇದೆಯಾ?” ಎಂದರು. ಮೇಜಿನ ಕಾಲಿನ ಕೆಳಗಿದ್ದ ಕಾಗದವನ್ನು ನಾನೇ ಬಗ್ಗಿ ತೆಗೆದು ಓದಿದೆ. ಮರುದಿನ ನಮ್ಮ ಆಂಬುಲೆನ್ಸ್ ಡ್ರೈವರನ್ನು ಹಿಡಿದು ಕೂರಿಸಿದೆವು. ಮೂವತ್ತು ವರ್ಷದವನು, ಮೂರು ಮಕ್ಕಳ ತಂದೆ, ಕೊನೆಯವೆರಡು ಅವಳಿ. ಬೆಳಿಗ್ಗೆ ಎಂಟಕ್ಕೆ ಖಾಲಿ ಹೊಟ್ಟೆಯಲ್ಲಿ ನಾನೂರ ಹನ್ನೆರಡು. ಊಟ ಮಾಡಿ ಮೂರೂವರೆಗೆ ಬಂದಾಗ ಇನ್ನೂರ ಅರವತ್ತೆಂಟು. ಎರಡು ರಿಪೋರ್ಟನ್ನೂ ಅವನ ಕೈಗೆ ಕೊಟ್ಟಾಗ, “ಅಂದ್ರೆ ನಾನು ಊಟ ಆಗೋವರೆಗೆ ಮಾತ್ರ ಗಂಡಸಾ ಸಾರ್?” ಎಂದು ಎಲ್ಲರನ್ನೂ ನಗಿಸಿದ. ನನಗೆ ನಗು ಬರಲಿಲ್ಲ. ಅವನ ಮಧ್ಯಾಹ್ನದ ಸಂಖ್ಯೆ ನನ್ನ ಅಳಿಯನದಕ್ಕಿಂತ ಮೂರು ಕಡಿಮೆ ಇತ್ತು.

ಇಲ್ಲಿಂದ ಮುಂದಿನದನ್ನು ತಮಗೆ ಬರೆದ ಎರಡು ಪತ್ರಗಳಲ್ಲಿ ನಾನು ಮುಚ್ಚಿಟ್ಟಿದ್ದೆ.

ಅದು ಗುರುವಾರ. ಭಾನುವಾರ ಅಳಿಯ ಬಂದ. ಹೊರಗಿನಿಂದ ಹಾರ್ಮೋನು ಹಾಕಿದರೆ ಒಳಗೆ ಏನಾಗುತ್ತದೆ ಎಂಬುದು ಅಷ್ಟು ಹೊತ್ತಿಗೆ ನನಗೆ ಪೂರ್ತಿ ನೆನಪಾಗಿತ್ತು. ಮನೆಯ ಮೇಲಿನ ನೀರಿನ ಟ್ಯಾಂಕಿಗೆ ತೇಲುವ ಚೆಂಡು ಇರುತ್ತದಲ್ಲ, ಹಾಗೆಯೇ ಇದು. ನೀರು ತುಂಬಿದರೆ ಚೆಂಡು ಮೇಲೆ ಬಂದು ಒಳಹರಿವನ್ನು ನಿಲ್ಲಿಸುತ್ತದೆ. ಹೊರಗಿನಿಂದ ಕೊಡ ಕೊಡ ಸುರಿಯುತ್ತ ಹೋದರೆ ಪಿಟ್ಯುಟರಿಯು ಸಾಕಾಯಿತೆಂದು ವೃಷಣಕ್ಕೆ ಹೇಳಿಕಳಿಸುವುದನ್ನೇ ಬಿಡುತ್ತದೆ. ಅವು ಕೆಲಸ ನಿಲ್ಲಿಸಿ ಕುಗ್ಗುತ್ತವೆ, ವೀರ್ಯಾಣು ಹುಟ್ಟುವುದು ನಿಲ್ಲುತ್ತದೆ. ಹೊರಗೆ ಗಂಡಸ್ತನ ತುಂಬಿಕೊಂಡಂತೆ ಕಾಣುತ್ತದೆ, ಒಳಗೆ ಖಾಲಿಯಾಗುತ್ತಿರುತ್ತದೆ. ಇಷ್ಟೆಲ್ಲ ಗೊತ್ತಿದ್ದೂ ನಾನು ಆ ಭಾನುವಾರ ಸಿರಿಂಜು ಕೈಗೆ ತೆಗೆದುಕೊಂಡೆ. ಬೇಡ ಎಂದರೆ ಯಾಕೆ ಎಂದು ಹೇಳಬೇಕಿತ್ತು. ಹೆಂಡತಿ ಪಕ್ಕದಲ್ಲೇ ಬಟ್ಟೆ ಮಡಚುತ್ತಿದ್ದಳು. ಮಗಳು ಬಾಗಿಲಲ್ಲಿ ನಿಂತಿದ್ದಳು. ಅವರ ಮುಂದೆ ಆ ಪದಗಳನ್ನು ಬಾಯಿಬಿಟ್ಟು ಆಡಬೇಕಿತ್ತು. “ಎಡಗಡೆನಾ ಮಾವ?” ಎಂದ. “ಎಡಗಡೆ,” ಎಂದೆ. ಚುಚ್ಚಿದೆ. ಹತ್ತಿಯಿಂದ ಒತ್ತಿ ಹಿಡಿದೆ.

ಅದು ಹನ್ನೆರಡನೆಯದು. ಮೊದಲ ಹನ್ನೊಂದನ್ನು ಮರೆವು ಎನ್ನಬಹುದು, ಅಜಾಗರೂಕತೆ ಎನ್ನಬಹುದು, ಇಲಾಖೆಯ ಭಾಷೆಯಲ್ಲಿ ಇನ್ನೂ ಏನೇನೋ ಮೆತ್ತಗಿನ ಪದಗಳಿವೆ. ಹನ್ನೆರಡನೆಯದಕ್ಕೆ ನನ್ನ ಬಳಿ ಯಾವ ಪದವೂ ಇಲ್ಲ.

ಎರಡು ವಾರ ಬಿಟ್ಟು ಮಗಳು ಅಳಿಯ ಇಬ್ಬರೂ ಬೇರೊಂದು ಆಸ್ಪತ್ರೆಗೆ ಹೋದರು. ವೀರ್ಯ ಪರೀಕ್ಷೆಯ ಫಲಿತಾಂಶ ಸೊನ್ನೆ. ಕಡಿಮೆಯಲ್ಲ, ಸೊನ್ನೆ. ಹೊರಗಿನಿಂದ ಹಾರ್ಮೋನು ತೆಗೆದುಕೊಳ್ಳುತ್ತಿದ್ದೀರಾ ಎಂದು ಅಲ್ಲಿನ ವೈದ್ಯೆ ಕೇಳಿದ್ದಕ್ಕೆ ನನ್ನ ಅಳಿಯ, “ಹೌದು ಡಾಕ್ಟ್ರೇ, ನಮ್ಮ ಮಾವನೇ ಕೊಡ್ತಾರೆ,” ಎಂದು ಹೆಮ್ಮೆಯಿಂದ ಹೇಳಿದನಂತೆ. ಹೆಮ್ಮೆಯಿಂದ ಎಂದು ಮಗಳು ಎರಡು ಸಲ ಹೇಳಿದಳು.

ನೇರ ನಮ್ಮ ಮನೆಗೇ ಬಂದಿದ್ದರು. ಅಳಿಯ ಜೇಬಿನ ಅಳತೆ ಟೇಪನ್ನು ಹೊರಗೆಳೆಯುವುದು, ಬಿಡುವುದು, ಎಳೆಯುವುದು, ಬಿಡುವುದು ಮಾಡುತ್ತಿದ್ದ. ಮಗಳು ಕೇಳಿದಳು:

“ಅಪ್ಪ, ಇದು ಇಂಜೆಕ್ಷನ್ನಿಂದಾನೇ ಆಗಿದ್ದು ಅಂತಾರೆ. ನಿನಗೆ ಗೊತ್ತಿತ್ತಾ?”

“ಅವರಿಗೆ ಹೇಗೆ ಗೊತ್ತಿರುತ್ತೆ?” ನನ್ನ ಹೆಂಡತಿ ಅಡ್ಡ ಬಂದಳು. “ಡಾಕ್ಟ್ರು ಬರೆದಿದ್ದನ್ನ ಚುಚ್ಚೋರು ಇವರು.”

ತಪ್ಪಿಸಿಕೊಳ್ಳಲು ದಾರಿ ಬಿಟ್ಟುಕೊಟ್ಟಿದ್ದಳು. ನಾನು ಆ ದಾರಿಯಲ್ಲಿ ಹೋಗಲಿಲ್ಲ ಎಂಬುದೊಂದೇ ಈ ಇಡೀ ಪ್ರಕರಣದಲ್ಲಿ ನನ್ನ ಪರವಾಗಿರುವ ಸಂಗತಿ. “ಗೊತ್ತಿತ್ತು,” ಎಂದೆ. “ಕೊನೆ ಸಲ ಚುಚ್ಚುವಾಗ ಗೊತ್ತಿತ್ತು.”

ಟೇಪಿನ ಸದ್ದು ನಿಂತಿತು. “ಹೇಳಬಹುದಿತ್ತಲ್ಲ ಮಾವ,” ಎಂದ ಅಳಿಯ. ದನಿ ಏರಿಸಲಿಲ್ಲ. “ಹೊರಗೆ ಕರ್ಕೊಂಡು ಹೋಗಿ ಒಂದು ಮಾತು. ನಾನೇನು ಅನ್ಕೋತಿದ್ದೆ?”

ಮಗಳು ಮಾತ್ರ ಸುಮ್ಮನೆ ಬಿಡಲಿಲ್ಲ. “ನಾನು ದೊಡ್ಡೋಳಾದ ದಿನ ಏನು ಮಾಡಿದೆ ನೆನಪಿದೆಯಾ? ಅಮ್ಮ ಊರಲ್ಲಿರ್ಲಿಲ್ಲ. ಬಟ್ಟೆಯೆಲ್ಲ ರಕ್ತ ಆಗಿ ಅಳ್ತಾ ನಿನ್ನ ಹತ್ರ ಬಂದೆ. ನೀನು ಪೇಪರು ಮಡಚ್ಕೊಂಡು, ಪಕ್ಕದ ಮನೆ ಅತ್ತೇನ ಕೇಳು ಅಂತ ಹೊರಗೆ ಹೋಗ್ಬಿಟ್ಟೆ. ನಾನು ಸಾಯ್ತೀನಿ ಅನ್ಕೊಂಡಿದ್ದೆ ಅಪ್ಪ. ದಿನಾ ಊರವರ ರಕ್ತ ನೋಡೋನು ನೀನು.”

ಪೇಪರು ಮಡಚಿದ್ದು ನನಗೆ ಚೆನ್ನಾಗಿ ನೆನಪಿದೆ.

ಇಂಜೆಕ್ಷನ್ ನಿಲ್ಲಿಸಿ ಐದು ತಿಂಗಳಾಯಿತು. ಹೆಚ್ಚಿನವರಲ್ಲಿ ಮತ್ತೆ ಶುರುವಾಗುತ್ತದೆ, ಆದರೆ ವರ್ಷವೂ ಆಗಬಹುದು, ಎರಡೂ ಆಗಬಹುದು, ಮಾತು ಕೊಡಲಾರೆ ಎಂದು ಆ ವೈದ್ಯೆ ಹೇಳಿದ್ದಾರೆ. ಅಳಿಯ ಈಗ ಪರೀಕ್ಷೆಗೆ ಬೆಳಿಗ್ಗೆ ಎಂಟಕ್ಕೆ ಮುಂಬಾಗಿಲಿನ ಸಾಲಿನಲ್ಲೇ ನಿಲ್ಲುತ್ತಾನೆ. ಗುಮಾಸ್ತ ಕೇಳುವ ಮೊದಲೇ ಯಾವ ಪರೀಕ್ಷೆ ಎಂದು ತಾನೇ ಗಟ್ಟಿಯಾಗಿ ಹೇಳುತ್ತಾನೆ. ಮೊದಲ ದಿನ ಇಬ್ಬರು ತಿರುಗಿ ನೋಡಿದರು. ಹಿಂದಿದ್ದ ಒಬ್ಬ ಯಜಮಾನರು, “ಓ, ನಂಗೂ ಅದೇ ಬರ್ಕೊಟ್ಟಿದಾರೆ, ಇದೇ ಸಾಲಾ?” ಎಂದು ಕೇಳಿ ಅವನ ಹಿಂದೆಯೇ ನಿಂತರು. ಅಷ್ಟೇ ಆದದ್ದು. ಆಕಾಶವೇನೂ ಕಳಚಿ ಬೀಳಲಿಲ್ಲ. ಇದಕ್ಕಾಗಿಯೇ ನಾವು ಒಂಬತ್ತು ವರ್ಷ ಹಿಂಬಾಗಿಲು ತೆರೆದಿಟ್ಟಿದ್ದೆವೇ, ಮಾನ್ಯರೇ?

ಐದು ತಿಂಗಳಿಂದ ಮಧ್ಯಾಹ್ನ ಬಂದವರನ್ನೆಲ್ಲ ಬೆಳಿಗ್ಗೆ ಬನ್ನಿ ಎಂದು ನಾನು ವಾಪಸು ಕಳಿಸುತ್ತಿದ್ದೇನೆ. ಅದಕ್ಕೆ, ನಿಗದಿತ ಸಮಯದಲ್ಲಿ ಸೇವೆ ನಿರಾಕರಿಸಿದ್ದೇಕೆಂದು ತಮ್ಮಿಂದ ನನಗೆ ನೋಟೀಸು ಬಂದಿದೆ. ತಪ್ಪು ಮಾಡುತ್ತಿದ್ದಾಗ ಪ್ರಶಂಸಾಪತ್ರ, ನಿಲ್ಲಿಸಿದಾಗ ನೋಟೀಸು! ಏಳು ದಿನದೊಳಗೆ ಉತ್ತರ ಕೇಳಿದ್ದೀರಿ. ಇದೇ ಆ ಉತ್ತರ.

ಇನ್ನು ಬೇಡಿಕೆ. ಹದಿನೈದು ಆಸ್ಪತ್ರೆಗಳಲ್ಲೂ ಆ ಸುತ್ತೋಲೆಯನ್ನು ಇವತ್ತೇ ರದ್ದು ಮಾಡಿ. ಮರೆ ಬೇಕಾದವರಿಗೆ ಬೆಳಗಿನ ಹೊತ್ತಿನಲ್ಲೇ ಒಂದು ಪರದೆ, ಮೆಲ್ಲಗೆ ಮಾತಾಡುವ ಒಬ್ಬರನ್ನು ಕೊಡಿ, ಮಾನ ಕಾಯಲು ಅಷ್ಟು ಸಾಕು. ಪ್ರತಿ ರಿಪೋರ್ಟಿನಲ್ಲೂ ಹೊತ್ತು ಬರೆಯಲಿ, ಹೆಂಗಸರ ಚೀಟಿಯಲ್ಲಿ ಅಡ್ಡಗೆರೆಯ ಜಾಗದಲ್ಲಿ ಅಂಕಿ ಬರಲಿ. ನನ್ನ ಮೇಲೆ ತನಿಖೆ ಮಾಡಿ. ಆ ತನಿಖೆಯ ವರದಿಯಲ್ಲಿ ವೃಷಣವನ್ನು ವೃಷಣ ಎಂದೇ ಬರೆಸಿ.

ಆ ಮೂರು ಗಂಟೆಯವರನ್ನೆಲ್ಲ ಹುಡುಕಿ ಕರೆಸಿ ಎಂದೂ ಕೇಳಬೇಕೆಂದಿದ್ದೆ. ರಿಜಿಸ್ಟರು ತೆರೆದು ನೋಡಿದೆ. ನಮ್ಮ ಆಸ್ಪತ್ರೆಯೊಂದರಲ್ಲೇ ಎರಡು ಸಾವಿರದ ಮುನ್ನೂರ ಹದಿನಾರು ಟೋಕನ್‌ಗಳಿವೆ. ಒಂದು ಹೆಸರೂ ಇಲ್ಲ, ಒಂದು ಫೋನ್ ನಂಬರೂ ಇಲ್ಲ. ಎಲ್ಲ ನನ್ನ ಕೈಬರಹ, ನನ್ನದೇ ಟಿಪ್ಪಣಿಯ ಪ್ರಕಾರ. ಎಷ್ಟೋ ಜನ ಆ ರಿಪೋರ್ಟು ಹಿಡಿದು ಬೇರೆಲ್ಲೋ ಹೋಗಿ ಇಂಜೆಕ್ಷನ್ ಮಾಡಿಸಿಕೊಂಡಿದ್ದಾರೆ. ಅವರು ಯಾರೆಂದು ತಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಅವರ ಮಾನವನ್ನು ಅಷ್ಟು ಚೆನ್ನಾಗಿ ಕಾದೆವು. ಈ ಪತ್ರ ಬಹಿರಂಗವಾಗಿರುವುದು ಅದಕ್ಕೇ. ಮೇಲೆ ತಮ್ಮ ವಿಳಾಸವಿದೆ, ಆದರೆ ಇನ್ನು ನಾಲ್ಕು ಮಾತು ತಮಗಲ್ಲ.

ಹಿಂಬಾಗಿಲಿನಿಂದ ಬಂದಿದ್ದವರೇ, ನಿಮ್ಮ ರಿಪೋರ್ಟು ತಪ್ಪಾಗಿರಬಹುದು. ಕೆಲವರಿಗೆ ನಿಜವಾಗಿಯೂ ಆ ಇಂಜೆಕ್ಷನ್ ಬೇಕಾಗಿರುತ್ತದೆ, ಆದ್ದರಿಂದ ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ. ಡಾಕ್ಟರನ್ನು ಕೇಳಿ. ಮಕ್ಕಳು ಬೇಕಿದ್ದರೆ ಅದನ್ನೂ ಬಾಯಿಬಿಟ್ಟು ಹೇಳಿ. ಬೆಳಿಗ್ಗೆ ಎಂಟಕ್ಕೆ, ಖಾಲಿ ಹೊಟ್ಟೆಯಲ್ಲಿ, ಮುಂಬಾಗಿಲಿನಿಂದ ಬನ್ನಿ. ಕೆಲಸದಿಂದ ತೆಗೆಯುವವರೆಗೂ ನಾನು ಅಲ್ಲೇ ಇರುತ್ತೇನೆ, ತೆಗೆದ ಮೇಲೂ ಗೇಟಿನ ಹತ್ತಿರ ಇರುತ್ತೇನೆ. ನನ್ನನ್ನು ಬೈಯಬೇಕಿದ್ದರೆ ಬೈಯಿರಿ. ಸಾಲಿನಲ್ಲಿ ಎಲ್ಲರಿಗೂ ಕೇಳುವಂತೆಯೇ ಬೈಯಿರಿ.

ನಿರ್ದೇಶಕರೇ, ಪ್ರಶಂಸಾಪತ್ರವನ್ನು ತಮಗೆ ಅಂಚೆಯಲ್ಲಿ ಕಳಿಸಿದ ಇದರ ಪ್ರತಿಯೊಂದಿಗೆ ಹಿಂತಿರುಗಿಸಿದ್ದೇನೆ. ಚೌಕಟ್ಟು ನನ್ನ ಅಳಿಯನ ಕೈಕೆಲಸ, ಅದನ್ನು ಇಟ್ಟುಕೊಂಡಿದ್ದೇನೆ. ಅದರೊಳಗೆ ಈಗ ನಾಲ್ಕು ಮಡಿಕೆಯ ಗುರುತಿರುವ ಒಂದು ಕಾಗದವಿದೆ. ಮೇಜು ಮತ್ತೆ ಅಲ್ಲಾಡುತ್ತಿದೆ.

ಇಂತಿ,
ಹನ್ನೆರಡನೆಯ ಸೂಜಿಯನ್ನು ಗೊತ್ತಿದ್ದೇ ಚುಚ್ಚಿದ,
ತಮ್ಮ ಇಲಾಖೆಯ ಪ್ರಶಂಸೆಗೆ ಪಾತ್ರನಾಗಿದ್ದ,
ಒಬ್ಬ ಲ್ಯಾಬ್ ಟೆಕ್ನೀಷಿಯನ್